ಕೊಡ್ಡಾಯಿ ಕೂಗಿದ ವರ್ಷ

ಮೀನು ಮುಗಿದ ನೂರಾ ನಲವತ್ತನೆಯ ವರ್ಷ, ಮಳೆ ಬಿಟ್ಟ ತಿಂಗಳು, ಹೊಸಕೋಡಿ.

ನಮಗಿಂತ ಮೊದಲು ಉಂಡು ಎದ್ದವರಿಗೆ,

ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಮನ್ನಿಸಬೇಕು. ನೀವು ವರ್ಷ ಎಣಿಸುವ ಲೆಕ್ಕ ನಮ್ಮಲ್ಲಿಲ್ಲ. ಬಂದರಿನಲ್ಲಿ ಕೊನೆಯ ದೊಡ್ಡ ಕೊಡ್ಡಾಯಿ ಹರಾಜಾದ ದಿನದಿಂದ ನಾವು ಎಣಿಸುತ್ತೇವೆ. ಆಳುದ್ದ ಬೆಳೆಯುತ್ತಿದ್ದ, ಹೊಟ್ಟೆಯೊಳಗಿಂದ ಗೊರಗೊರ ಸದ್ದು ಮಾಡುತ್ತಿದ್ದ ಆ ಮೀನನ್ನು ನೀವು ಕಂಡಿದ್ದೀರಿ, ತಿಂದಿದ್ದೀರಿ. ನಾನು ತಿಂದಿಲ್ಲ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಆ ವಯಸ್ಸು ದಾಟಿತು.

ನಾನು ಬಾಗಿ, ಈ ಊರಿನ ಕಿವಿಗಾರ್ತಿ. ಮಳೆ ಬಿಟ್ಟ ಮೇಲೆ ದಿನಾ ಬೆಳಿಗ್ಗೆ ಅಳಿವೆಯ ಬಾಯಿಗೆ ದೋಣಿಯಲ್ಲಿ ಹೋಗಿ, ಹುಟ್ಟನ್ನು ನೀರಿಗಿಳಿಸಿ ಅದರ ಹಿಡಿಗೆ ಕಿವಿ ಒತ್ತಿ ಕೂರುವುದು ನನ್ನ ಕೆಲಸ. ಕೊಡ್ಡಾಯಿಗಳು ಮೊಟ್ಟೆಯಿಡಲು ಗುಂಪುಗೂಡಿದಾಗ ಗಂಡುಗಳು ಕೂಗುತ್ತವೆ, ಆ ಕೂಗು ಮರದಲ್ಲಿ ಹತ್ತಿ ಬರುತ್ತದೆ. ನಿಮ್ಮ ಕಾಲದವರು ಬಲೆ ಬೀಸಲು ಕಿವಿಗೊಡುತ್ತಿದ್ದರಂತೆ. ನಾವು ಮೀನು ಮರಳಿತೇ ಎಂದು ತಿಳಿಯಲು ಕಿವಿಗೊಡುತ್ತೇವೆ. ಮಿಕ್ಕ ಹೊತ್ತು ಊರಿನ ಎಲ್ಲರಂತೆ, ಮೂಳೆಯೇ ಇಲ್ಲದೆ ಕೊಡೆಯಂತೆ ತೇಲುವ ಲೋಳೆಮೀನನ್ನು ಉಪ್ಪಿಗೆ ಹಾಕುತ್ತೇನೆ, ಪಾಚಿ ಒಣಗಿಸಿ ಹಿಟ್ಟು ಬೀಸುತ್ತೇನೆ. ಮದುವೆಯಲ್ಲಿ ಮಾತ್ರ ಅಕ್ಕಿಹಿಟ್ಟಿನಲ್ಲಿ ಕೊಡ್ಡಾಯಿಯ ಆಕಾರ ಮಾಡಿ, ಮಸಾಲೆ ಹಚ್ಚಿ, ಮದುಮಗಳ ತಾಯಿ ಅದರ ತಲೆಯನ್ನು ಬೀಗರಿಗೆ ಬಡಿಸುತ್ತಾಳೆ. ತಲೆಯಲ್ಲಿ ಅಂಥದ್ದೇನು ರುಚಿಯಿತ್ತೋ ಈಗ ಯಾರಿಗೂ ನೆನಪಿಲ್ಲ. ಆದರೂ ತಲೆ ಸಿಗಲಿಲ್ಲವೆಂದು ಮುನಿಸಿಕೊಳ್ಳುವ ಬೀಗರು ಇದ್ದೇ ಇದ್ದಾರೆ.

ಹಿಡಿಯುವುದನ್ನು ನಿಲ್ಲಿಸಿದರೆ ಮೀನು ತಾನಾಗಿ ಬರುತ್ತದೆಂದು ನೀವು ಅಂದುಕೊಂಡಿರಿ. ಪಾಪ, ನಿಮ್ಮ ಮಕ್ಕಳು ನಿಲ್ಲಿಸಿಯೂ ನೋಡಿದರು. ಅಷ್ಟರಲ್ಲಿ ದೊಡ್ಡ ತಾಯಿಗಳೆಲ್ಲ ನಿಮ್ಮ ಜೋಡಿ ದೋಣಿಯ ಬಲೆಗೆ, ರಾತ್ರಿ ಬೆಳಗುವ ದೀಪಕ್ಕೆ ಸಿಕ್ಕಿ ಹೋಗಿದ್ದವು. ಉಳಿದವು ಗೇಣುದ್ದದ ಮರಿಗಳು. ಬದುಕುವ ಆತುರಕ್ಕೆ ಅವು ಎಳೆಯದರಲ್ಲೇ ಮೊಟ್ಟೆಯಿಟ್ಟವು, ಇಟ್ಟದ್ದೂ ಒಂದು ಹಿಡಿ, ಅದರಲ್ಲೂ ಬದುಕಿದ್ದು ನಾಲ್ಕು. ಯಾವ ಅಳಿವೆಗೆ ಬರಬೇಕೆಂದು ದಾರಿ ತೋರಿಸಲು ಮುಂದೆ ಹಿರಿಯರಿರಲಿಲ್ಲ. ಬಾಣಂತಿಯರನ್ನೆಲ್ಲ ಕಳಿಸಿ ತೊಟ್ಟಿಲು ತೂಗಿದ ಹಾಗಾಯಿತು.

ನಾನು ಹುಡುಗಿಯಾಗಿದ್ದಾಗ ಕೂಗು ಒಮ್ಮೆ ಕೇಳಿಸಿತ್ತು. ಆಗ ಕಿವಿಗಾರ್ತಿ ನನ್ನ ಸೋದರತ್ತೆ. ಕುಣಿಯುತ್ತ ದಡಕ್ಕೆ ಬಂದು, ಯಾರೂ ಬಲೆ ಮುಟ್ಟಬೇಡಿ ಎಂದು ಕೈಮುಗಿದಳು. ಎಲ್ಲರೂ ಆಣೆ ಮಾಡಿದರು. ಆಮೇಲೆ ದೈವಕ್ಕೆ ಒಂದು ಬೇಡವೇ ಎಂದರು, ದೈವಕ್ಕೆ ಕೊಟ್ಟ ಮೇಲೆ ಮುದುಕರಿಗೊಂದು ತುಂಡು, ಬಸುರಿಯರಿಗೊಂದು ತುಂಡು. ವಾರ ಕಳೆಯುವುದರೊಳಗೆ ಅಳಿವೆ ಖಾಲಿ. ಹೊಟ್ಟೆ ಸೀಳಿದಲ್ಲೆಲ್ಲ ಮೊಟ್ಟೆ. ಅವರು ಕೆಟ್ಟವರಲ್ಲ, ಖುಷಿಯಲ್ಲೇ ಮುಗಿಸಿದರು. ನಮ್ಮ ಮನೆಯೊಳಗೆ ಒಂದು ತುಂಡನ್ನೂ ಬಿಟ್ಟುಕೊಳ್ಳದ ಅತ್ತೆ, ಆಮೇಲೆ ಯಾರ ಮನೆಯಲ್ಲೂ ಊಟ ಮಾಡಲಿಲ್ಲ.

ಈ ಸಲ ಊರಿನ ಕೂಟ ತೀರ್ಮಾನಿಸಿತು: ಈ ವರ್ಷವೂ ಕೂಗು ಕೇಳದಿದ್ದರೆ ಹೊಸಕೋಡಿಯನ್ನು ಬಿಟ್ಟು ಘಟ್ಟದ ಮೇಲಿನ ಊರುಗಳಿಗೆ ಹಂಚಿಹೋಗುವುದು. ಎಲ್ಲರಿಗಿಂತ ಹೆಚ್ಚು ಸಂಕಟಪಟ್ಟವನು ನನ್ನ ಅಣ್ಣ ದೂಮ. ಕಡಲು ಕಾಣದ ಕಡೆ ಅವನಿಗೆ ನಿದ್ದೆ ಹತ್ತುವುದಿಲ್ಲ.

ಹೋದ ವಾರ ನನಗೆ ಕೂಗು ಕೇಳಿಸಿತು. ಮೊದಲು ಒಂದು, ಆಮೇಲೆ ಹತ್ತಾರು, ಕೊನೆಗೆ ಹುಟ್ಟೇ ನಡುಗುವಷ್ಟು. ಕಿವಿ ತೆಗೆಯಲು ಮನಸ್ಸಾಗದೆ ಬಿಸಿಲೇರುವವರೆಗೆ ಅಳುತ್ತ ಕೂತಿದ್ದೆ. ಆಮೇಲೆ ದಡಕ್ಕೆ ಬಂದು ಕೂಟದ ಮುಂದೆ ನಿಂತು, ಏನೂ ಕೇಳಿಸಲಿಲ್ಲ ಎಂದೆ.

ಈಗ ಊರು ಗಂಟು ಕಟ್ಟುತ್ತಿದೆ. ಜನ ಹೋದರೆ ಅಳಿವೆಗೆ ಬಲೆ ಬೀಳುವುದಿಲ್ಲ, ಆ ತಾಯಿಗಳು ಮುದುಕಿಯರಾಗುವಷ್ಟು ಕಾಲ ಬದುಕಬಹುದು. ನನಗೆ ಗೊತ್ತಿರುವುದು ಇಷ್ಟೇ. ಇದು ಸರಿಯೋ ತಪ್ಪೋ ಯೋಚಿಸಿ ಸಾಕಾಗಿದೆ. ನಿನ್ನೆ ಅಣ್ಣ ತನ್ನ ದೋಣಿಯನ್ನು ಬಿಚ್ಚಿ ಗಾಡಿಗೆ ಹಲಗೆ ಮಾಡುತ್ತಿದ್ದ. ತಲೆಯೆತ್ತದೆ ಕೇಳಿದ, "ಒಂದು ಸಲ ಆದ್ರೂ ಕೇಳ್ಲಿಲ್ವಾ ಮಾರಾಯ್ತಿ? ಸಣ್ಣದಾಗಿ ಆದ್ರೂ?" ಇಲ್ಲ ಅಣ್ಣ ಎಂದೆ. ಅವನು ಮತ್ತೆ ಕೊಡಲಿ ಎತ್ತಿದ.

ನಿಮ್ಮಲ್ಲಿ ಬೇಡುವುದು ದೊಡ್ಡದೇನಲ್ಲ. ನಿಮ್ಮ ಬಲೆಗೆ ಮೊಟ್ಟೆ ತುಂಬಿದ ದೊಡ್ಡ ತಾಯಿ ಬಿದ್ದ ದಿನ, ಅವಳು ಇನ್ನೂ ಉಸಿರಾಡುತ್ತಿರುವಾಗಲೇ ನೀರಿಗೆ ಬಿಟ್ಟುಬಿಡಿ. ಬಿಟ್ಟಿದ್ದರೆ ನಾನು ಅಣ್ಣನಿಗೆ ನಿಜ ಹೇಳಬಹುದಿತ್ತು.