ಅವ್ವನ ಹೊಸ ಮೊಣಕಾಲು

ಇಂಡಿ, ೧೯೭೯

ಅಣ್ಣಾ,

ರಾತ್ರಿ ಮೂರು ಗಂಟೆಗೆ ತೊಟ್ಟಿಲು ಕಿರುಗುಟ್ಟಿದ ಸದ್ದಿಗೆ ಎಚ್ಚರವಾಯಿತು. ನನ್ನ ಕೂಸಿಗೇನಾಯಿತೋ ಎಂದು ಗಾಬರಿಯಿಂದ ನೋಡಿದರೆ, ಅವ್ವ ನಿಂತು ತೂಗುತ್ತಿದ್ದಳು. ಕೋಲಿಲ್ಲದೆ!

"ಕಿತ್ತರ ಎಲುಬು ಮುರೀತೈತಿ, ಕೀಳಿಸಿದ್ರ ನೀ ನನ್ನ ತಂಗೀನ ಅಲ್ಲ" ಎಂದು ಹೋದೆಯಲ್ಲ? ಓರೆಯಾಗಿ ಕೂತಿದ್ದರೂ ಎಲುಬಿಗೆ ಸಿಮೆಂಟಿನಿಂದ ಭದ್ರವಾಗಿ ಅಂಟಿಸಿದ್ದ ಅವ್ವನ ಆ ಹಳೆಯ ಲೋಹದ ಮೊಣಕಾಲನ್ನು ಮುಂಬಯಿಯ ಡಾಕ್ಟರು ತೆಳು ಉಳಿಯಿಂದ ಆ ಸಿಮೆಂಟು ಬಿಡಿಸಿ ಬಿಡಿಸಿ ತೆಗೆದರು. ಎಲುಬು ಚೂರೂ ಮುರಿಯಲಿಲ್ಲ. ಹೊಸದು ನೆಟ್ಟಗೆ ಕೂತಿತು.

"ಅದೂ ನಿಮ್ಮಣ್ಣನಂಗ ಹಟಮಾರಿ ಇತ್ತು," ಎಂದಳು ಅವ್ವ, ತೂಗುತ್ತಲೇ. "ಕಡೀಕ ಬಂತಿಲ್ಲೇನ?"

ನನ್ನ ಪತ್ರಗಳನ್ನು ಒಡೆಯದೆ ತಿರುಗಿ ಕಳಿಸುತ್ತೀ; ಇದನ್ನು ಅಂಚೆಗೆ ಹಾಕುವುದಿಲ್ಲ. ಆದರೂ ನಿನಗೇ ಮನಸ್ಸಾಗಿ, ಬೆಳಗಾಗುತ್ತಲೇ ಎದುರುಮನೆ ಸುಮಿತ್ರಾಬಾಯಿಯವರಲ್ಲಿಗೆ ಒಂದು ಫೋನ್ ಮಾಡೋ ಅಣ್ಣಾ. ಅವ್ವ ತಾನೇ ನಡೆದು ಹೋಗಿ ಎತ್ತುತ್ತಾಳೆ.