ಕಾಯಿ ಒಡೆದ ಮನೆಯ ಬೆಲೆ

ಕೇದಾರಿ,

ನಾನು ಕಾಲೇಜಿಗೆ ಹೊರಟೆ. ಅವ್ವನಿಗೆ ಬಿಪಿ ಗುಳಿಗೆ ಕೊಡು.

ನಾವು ಕೊಳ್ಳಲು ಹೊರಟ, ಹೊಸದಾಗಿ ಬಣ್ಣ ಬಳಿಸಿದ ಆ ಗೋಕಾಕದ ಮನೆ ಅರವತ್ತು ಲಕ್ಷ ಬಾಳುವುದಿಲ್ಲ. ನಿನ್ನೆ ಕಪಾಟಿನ ಹಿಂದೆ ಬಣ್ಣ ಕೆರೆದು ನೋಡಿದೆ. ಎದೆಮಟ್ಟಕ್ಕೆ ಹೊಳೆ ನೀರು ನಿಂತ ಗುರುತಿದೆ, ಕೆಳಗೆಲ್ಲ ಬಿಳಿ ಉಪ್ಪು. ಗೋಡೆ ಇನ್ನೂ ಹಸಿ. ದಡ್ಡಿ ಊರಿನ ನಮ್ಮ ಹೊಲ ಮಾರಿದ ದುಡ್ಡೆಲ್ಲ ಅದಕ್ಕೇ ಹೋಗುತ್ತದೆ.

ಬೆಲೆ ಇಳಿಸಿ ಎಂದರೆ ಮಾಲೀಕರು ನಕ್ಕರು: "ನಿಮ್ಮ ಅವ್ವಾರು ಆಗ್ಲೇ ಹೊಸ್ತಿಲಕ್ಕ ಕಾಯಿ ಒಡದಾರಲ್ರಿ, ಇನ್ನೆಂಥಾ ಚೌಕಾಶಿ?"

ಅವ್ವನಿಗೆ ಉಪ್ಪು ತೋರಿಸಿದೆ. "ದೇವರ ಹೆಸರಲೆ ಒಡದೇನಿ, ಈಗ ಬ್ಯಾಡ ಅನ್ನಾಕ ನನಗ ಬಾಯಿ ಬರಂಗಿಲ್ಲವಾ" ಎಂದು ಅತ್ತಳು.

ಸಂಜೆ ಮಾಲೀಕರು ಮುಂಗಡ ಹಣಕ್ಕೆ ಬರುತ್ತಾರೆ. ನಿನಗೇನಾದರೂ ತೋಚಿದರೆ ಫೋನ್ ಮಾಡು.

ಆ ಕಾಯಿಯ ಹೋಳು ಫ್ರಿಜ್ಜಿನಲ್ಲಿದೆ. ಚಟ್ನಿಯನ್ನಾದರೂ ಮಾಡಿಕೋ.

ಸುಮನಕ್ಕ