ಎಕಿಟಿ ಮಾತಿನಲ್ಲಿ ಒಂದು ಸುದ್ದಿ

ಪ್ರೀತಿಯ ಫೊಲಾಕೆ ಅಕ್ಕ,

ನೀವು ಹೋದ ಮೇಲೂ ಪ್ರತಿ ಶನಿವಾರ ನೈಜೀರಿಯಾದಲ್ಲಿರುವ ನಿಮ್ಮ ಅವ್ವನಿಗೆ ವಿಡಿಯೋ ಕಾಲ್ ಮಾಡುತ್ತಿದ್ದೇನೆ. ನೀವಿಲ್ಲ ಎನ್ನುವುದು ಅವರಿಗೆ ಇನ್ನೂ ಗೊತ್ತಿಲ್ಲ. ಅವರ ಎದೆ ಗಟ್ಟಿಯಿಲ್ಲ, ಸ್ವಲ್ಪ ತಡೆಯಿರಿ ಎಂದು ನಿಮ್ಮ ತಮ್ಮ ಟುಂಡೆ ಬೇಡಿಕೊಂಡರು. ಅವ್ವ ಮೊದಲು ಕೇಳುವುದೇ ನಿಮ್ಮನ್ನು. ಔಷಧಿ ತೆಗೆದುಕೊಂಡು ಮಲಗಿದ್ದಾರೆ ಎನ್ನುತ್ತೇನೆ. ಎಷ್ಟು ದಿನ ಅಂತ ಮಲಗಿಸಿಡಲಿ?

ಇಲ್ಲಿ ಜರ್ಮನಿಯ ಯೇನಾದ ನಮ್ಮ ಅಡುಗೆಮನೆಯಲ್ಲಿ ನೀವು ಮೊದಲ ಸಲ ಈರುಳ್ಳಿ ಹೆಚ್ಚಿದ್ದು ನೆನಪಿದೆಯೇ? ಮೈಸೂರಿನವರ ಈರುಳ್ಳಿ ನಮ್ಮ ಧಾರವಾಡದಲ್ಲಿ ಉಳ್ಳಾಗಡ್ಡಿ ಎಂದೆ. ನೀವು ಮೂಗೊರೆಸಿಕೊಳ್ಳುತ್ತಾ, ನಮ್ಮಲ್ಲೂ ಹಾಗೇ, ಓಯೊ ಕಡೆಯವರು ಮನೆಗೆ ‘ಇಲೆ’ ಅಂದರೆ ನಮ್ಮ ಎಕಿಟಿಯಲ್ಲಿ ‘ಉಲೆ’ ಎಂದಿರಿ. ನಿಮ್ಮ ಯೊರುಬಾ ಭಾಷೆಯ ಬೇರೆ ಬೇರೆ ಸೀಮೆಯ ಪದಗಳನ್ನು ಪಕ್ಕಪಕ್ಕ ಇಟ್ಟು ನೋಡುವ ನನ್ನ ಸಂಶೋಧನೆ ಅಲ್ಲಿಂದಲೇ ಶುರುವಾಯಿತು. ವಸ್ತು ತೋರಿಸಿ ನಿಮ್ಮ ದನಿ ರೆಕಾರ್ಡ್ ಮಾಡುವುದು, ಆಮೇಲೆ ಅದನ್ನು ಅವ್ವನಿಗೆ ಕೇಳಿಸಿ, ನೀವೂ ಹೀಗೇ ಅನ್ನುತ್ತೀರಾ ಎಂದು ವಿಚಾರಿಸುವುದು. ಅವ್ವನೋ ಹಳೇ ಟೀಚರ್. ನನ್ನೊಂದಿಗೆ ಪುಸ್ತಕದ ಯೊರುಬಾ ಬಿಟ್ಟು ಕೆಳಗಿಳಿಯುತ್ತಲೇ ಇರಲಿಲ್ಲ. ನೀವು ಪಕ್ಕದಲ್ಲಿ ಕೂತು ನಗುತ್ತಿದ್ದಿರಿ.

ಹೋದ ಶನಿವಾರ ಅಡುಗೆಯ ಸಾಮಾನುಗಳ ಸರದಿ. ಮರದ ಸೌಟು ತೋರಿಸಿದೆ, ಅಭ್ಯಾಸಬಲದಿಂದ, ರೆಕಾರ್ಡಿಂಗ್ ಎಂದು ಹೇಳದೆಯೇ ನಿಮ್ಮ ದನಿ ಒತ್ತಿಬಿಟ್ಟೆ. ಅವ್ವನ ಮುಖ ಅರಳಿತು. ನೀವು ನನ್ನ ಪಕ್ಕದಲ್ಲೇ ಇದ್ದೀರಿ ಅಂದುಕೊಂಡು ಎಕಿಟಿಯಲ್ಲಿ ಪಟಪಟನೆ ಮಾತಾಡತೊಡಗಿದರು. ನನ್ನ ಕಿವಿಗೆ ಅದು ನಮ್ಮ ಧಾರವಾಡದ ಮಾತಿನಂತೆಯೇ ಬಿತ್ತು: “ಎದ್ದಿ ಏನವಾ? ಊಟ ಆತಿಲ್ಲೋ? ಮನಿಗೆ ಯಾವಾಗ ಬರ್ತಿ?” ಎಷ್ಟೋ ತಿಂಗಳಿಂದ ನಾನು ಕಾದಿದ್ದ ಪದಗಳು ಒಂದರ ಹಿಂದೊಂದು ಬಂದವು. ಅಕ್ಕ, ನಾನು ಅವನ್ನು ಬರೆದುಕೊಳ್ಳುತ್ತಿದ್ದೆ. ನನ್ನ ಕೈ ನೋಡಿ ನನಗೇ ಭಯವಾಯಿತು. ನೆಟ್‌ವರ್ಕ್ ಸರಿಯಿಲ್ಲ ಎಂದು ಕಾಲ್ ಕಟ್ ಮಾಡಿದೆ.

ಅವ್ವ ಆಮೇಲೆ ಟುಂಡೆಗೆ ಹೇಳಿದರಂತೆ, ಅವಳ ದನಿ ಕೇಳಿದೆ, ಚೇತರಿಸಿಕೊಂಡಿದ್ದಾಳೆ, ಮುಂದಿನ ವಾರ ಇನ್ನಷ್ಟು ಮಾತಾಡುತ್ತಾಳೆ ಎಂದು. ನಮ್ಮ ಯಜಮಾನರು ಇದನ್ನು ಕೇಳಿ, “ಹಂಗ ಇನ್ನೊಂದೆರಡು ವಾರ ನಡಸು. ಮುದುಕಿ ಖುಷಿಯಿಂದ ಇರ್ಲಿ ಬಿಡು” ಅಂದರು. ನಡೆಸಬಹುದು. ಕಂಪ್ಯೂಟರಿನಲ್ಲಿ ನಿಮ್ಮ ದನಿ ಬೇಕಾದಷ್ಟಿದೆ. ನನಗೆ ಹೆದರಿಕೆ ಇರುವುದೇ ಅದಕ್ಕೆ.

ನಾಳೆ ಟುಂಡೆ ಅವ್ವನ ಪಕ್ಕ ಕೂತಿರುತ್ತಾರೆ. ಕೊನೆಗೆ ನಿಮ್ಮ ಹತ್ತಿರ ಇದ್ದವಳು ನಾನು, ಹಾಗಾಗಿ ನಾನೇ ಹೇಳಬೇಕಂತೆ. ಪುಸ್ತಕದ ಯೊರುಬಾದಲ್ಲಿ ಹೇಳಿದರೆ ಅವರು ಪಾಠ ಒಪ್ಪಿಸಿಕೊಳ್ಳುವ ಹಾಗೆ ಕೇಳಿ... ಬೇಡ. ನಿಮ್ಮೂರ ಮಾತಿನಲ್ಲೇ ಹೇಳುತ್ತೇನೆ. ಪಾತ್ರೆ, ಒಲೆ, ಬಾಗಿಲು ಎಲ್ಲವನ್ನೂ ನೀವು ಕಲಿಸಿದಿರಿ, ಸಾವಿನ ಸುದ್ದಿಯನ್ನು ತಾಯಿಗೆ ಹೇಗೆ ಹೇಳುವುದೆಂದು ಕಲಿಸಲಿಲ್ಲ. ಆ ಒಂದು ವಾಕ್ಯವನ್ನು ಟುಂಡೆಯಿಂದ ಕಲಿತೆ. ಬೆಳಗಿನಿಂದ ಹೇಳಿ ಹೇಳಿ ನೋಡುತ್ತಿದ್ದೇನೆ. ಪ್ರತಿ ಸಲ ನಿಮ್ಮ ಹೆಸರಿನ ತನಕ ಬಂದು ನಿಂತುಬಿಡುತ್ತೇನೆ.